ಅಕ್ಕೋರ ಮೀನಖಂಡ

ಹೋದ ತಿಂಗಳು ನಮ್ಮ ಅಕ್ಕೋರು ನಿವೃತ್ತರಾದರು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹೆಡ್‌ಮಾಸ್ತರರು ಅವರ ಶಿಸ್ತಿನ ಬಗ್ಗೆ ಮಾತಾಡಿದರು, ಪಂಚಾಯ್ತಿಯವರು ಅವರ ಸರಳತೆಯ ಬಗ್ಗೆ. ಹಳೆಯ ವಿದ್ಯಾರ್ಥಿಗಳ ಪರವಾಗಿ ಎದ್ದುನಿಂತವನು ಅವರ ತಾಯಿಹೃದಯವನ್ನು ಕೊಂಡಾಡಿದ. ಆ ಮಾತು ಬಂದಾಗ ಅಕ್ಕೋರು ಪಕ್ಕಕ್ಕೆ ತಿರುಗಿ ಕೆಮ್ಮಿದ್ದನ್ನು ನಾನು ನೋಡಿದೆ. ಇಷ್ಟೆಲ್ಲ ಆದರೂ, ಅವರು ನಮ್ಮೂರಿಗೆ ಬಂದ ದಿನದಿಂದ ಇಡೀ ಊರು ಅವರ ಬೆನ್ನ ಹಿಂದೆ ಯಾವುದನ್ನು ಆಡಿಕೊಂಡಿತ್ತೋ ಅದರ ಬಗ್ಗೆ ಮೈಕಿನ ಮುಂದೆ ಒಬ್ಬರೂ ಒಂದಕ್ಷರ ಎತ್ತಲಿಲ್ಲ. ನಾನು ಹೇಳುತ್ತಿರುವುದು ಅವರ ಕಾಲಿನ ವಿಷಯ.

ನಾನೀಗ ಬೈಲಹೊಂಗಲದಲ್ಲಿ ಫಿಸಿಯೋಥೆರಪಿಸ್ಟ್. ಬೆಳಗಿನಿಂದ ಸಂಜೆಯವರೆಗೆ ಮಂದಿಯ ಮೊಣಕಾಲು, ತೊಡೆ, ಮೀನಖಂಡಗಳನ್ನು ಹಿಡಿದು ನೋಡುವುದೇ ನನ್ನ ಉದ್ಯೋಗ. ಕಾಲಿನ ಬಗ್ಗೆ ಬರೆಯಲು ನನಗೆ ಸಂಕೋಚವಿಲ್ಲ. ಇದ್ದ ಸಂಕೋಚವನ್ನು ಬಿಡಿಸಿದವರು ಅವರೇ.

ಮುರಗೋಡದಿಂದ ಸವದತ್ತಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿಯ ಹೈಸ್ಕೂಲಿಗೆ ಅಕ್ಕೋರು ವ್ಯಾಯಾಮ ಶಿಕ್ಷಕಿಯಾಗಿ ಬಂದದ್ದು ರಾಮದುರ್ಗದಿಂದ. ಕಾಲೇಜಿನಲ್ಲಿದ್ದಾಗ ಸೈಕಲ್ ರೇಸಿನಲ್ಲಿ ವಿಶ್ವವಿದ್ಯಾಲಯದ ಪರವಾಗಿ ಸ್ಪರ್ಧಿಸಿದ್ದವರು. ಗಿಡ್ಡ ಆಳು. ಮುಖ, ಕೈ, ಭುಜ ಎಲ್ಲ ಸಾಮಾನ್ಯ ಹೆಂಗಸಿನವೇ. ಆದರೆ ಮೈದಾನದಲ್ಲಿ ಅವರು ಟ್ರ್ಯಾಕ್ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ ನಿಂತರೆ, ಬೇಲಿಯ ಆಚೆ ಹೋಗುವವರು ನಡಿಗೆ ನಿಧಾನ ಮಾಡುತ್ತಿದ್ದರು. ಮೀನಖಂಡ ಎಂಬ ಹೆಸರು ಯಾಕೆ ಬಂತೆಂದು ನನಗೆ ಗೊತ್ತಾದದ್ದು ಅವರ ಕಾಲು ನೋಡಿಯೇ. ಅವರು ಹಿಮ್ಮಡಿ ಎತ್ತಿದಾಗ ಚರ್ಮದ ಕೆಳಗೆ ದೊಡ್ಡ ಮೀನೊಂದು ಹೊರಳಿದಂತೆ ಕಾಣುತ್ತಿತ್ತು.

ಗಿರಣಿಯಲ್ಲಿ ಹಿಟ್ಟು ಬೀಸಿಸಲು ನಿಂತ ಹೆಂಗಸರು ಅವರಿಗೆ ಕೇಳಿಸುವಂತೆಯೇ ಮಾತಾಡುತ್ತಿದ್ದರು. ಒಮ್ಮೆ ಒಬ್ಬಾಕೆ ನೇರವಾಗಿಯೇ ಕೇಳಿದಳು.

"ಅಕ್ಕೋರ, ನಿಮ್ಮ ಕಾಲ ಹಿಂಗ ಯಾಕ ಆಗ್ಯಾವ್ರಿ?"

"ದುಡದಾವ್ರಿ," ಎಂದರು ಅಕ್ಕೋರು. ತಮ್ಮ ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೊರಟರು.

ಅವರ ಯಜಮಾನರು ಸವದತ್ತಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ಮಾತು ಕಡಿಮೆ, ಕನ್ನಡಕ ದಪ್ಪ. ಅವರಿಗೆ ಸೈಕಲ್ ಬರುತ್ತಿರಲಿಲ್ಲ. ಭಾನುವಾರ ಅಕ್ಕೋರು ಸೈಕಲ್ ತುಳಿಯುತ್ತಿದ್ದರೆ ಅವರು ಹಿಂದೆ ಕ್ಯಾರಿಯರ್ ಮೇಲೆ ಕೈಚೀಲ ಹಿಡಿದು ಕೂತು ಸಂತೆಗೆ ಹೋಗುತ್ತಿದ್ದರು. ಚಹಾದ ಅಂಗಡಿಯ ಮುಂದೆ ಕೂತವರು ನಕ್ಕರೆ ಅವರೂ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದರು. ನಗುವವರಿಗೆ ಮುಂದೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಅಕ್ಕೋರು ದೇವತೆಯೇನೂ ಆಗಿರಲಿಲ್ಲ. ಸಿಟ್ಟು ಬಹಳ. ಶಾಲೆ ಶುರುವಾಗುವ ಮುಂಚೆ ಕೆಲವರಿಗೆ ಸೈಕಲ್ ರೇಸು ಕಲಿಸುತ್ತಿದ್ದರು. ತಡವಾಗಿ ಬಂದವರನ್ನು ಆ ದಿನ ಸೈಕಲ್ ಮುಟ್ಟಗೊಡುತ್ತಿರಲಿಲ್ಲ. ಸೀಮೆಎಣ್ಣೆ ಕೊಟ್ಟು ಎಲ್ಲರ ಚೈನು ತೊಳೆಸುತ್ತಿದ್ದರು. ಹೊಗಳುವುದು ಅವರಿಗೆ ಗೊತ್ತೇ ಇರಲಿಲ್ಲ. ತುಂಬ ಖುಷಿಯಾದರೆ "ನಾಳೆ ಬಾ" ಅನ್ನುವರು. ಹಾಗೆ ನೋಡಿದರೆ ಬೇಡವೆಂದರೂ ನಾವು ನಾಳೆ ಬರುವವರೇ, ಆದರೂ ಆ ಎರಡು ಮಾತು ಕೇಳಲು ಜೀವ ತೇಯುತ್ತಿದ್ದೆವು.

ಆಗ ಎಂಟನೆಯ ತರಗತಿಗೆ ಬಂದವರಿಗೆ ಸರಕಾರ ಸೈಕಲ್ ಕೊಡುತ್ತಿತ್ತು. ನನಗೂ ಒಂದು ಬಂತು. ನಮ್ಮ ಮನೆ ಊರ ಹೊರಗೆ ತೋಟದಲ್ಲಿ. ಕಾಲುವೆಯ ದಂಡೆಯಿಂದ ಶಾಲೆಗೆ ಬರುವ ದಾರಿ ಏರು, ಜೊತೆಗೆ ಸವದತ್ತಿಯ ಗುಡ್ಡದ ಕಡೆಯಿಂದ ಬೀಸುವ ಎದುರುಗಾಳಿ. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನಾವು ಫ್ಯಾನು ಅನ್ನುತ್ತಿದ್ದೆವು. ಅವು ಜೋರಾಗಿ ತಿರುಗುವ ದಿನ ಉಳಿದ ಹುಡುಗಿಯರು ಇಳಿದು ಸೈಕಲ್ ತಳ್ಳುತ್ತಿದ್ದರು. ನಾನು ಹಟಕ್ಕೆ ಬಿದ್ದು ಸೀಟು ಬಿಟ್ಟು ಎದ್ದು ತುಳಿಯುತ್ತಿದ್ದೆ. ಅಕ್ಕೋರು ಅದನ್ನು ಶಾಲೆಯ ಗೇಟಿನಿಂದ ನೋಡಿದ್ದರಂತೆ. ಒಂದು ಬೆಳಿಗ್ಗೆ ತಡೆದು ನಿಲ್ಲಿಸಿದರು.

"ಯಾಕ ಇಳಿಯೂದಿಲ್ಲ ನೀ?"

"ಇಳದ್ರ ಸೋತಂಗ ಆಗ್ತೈತ್ರಿ."

ಅವರು ನನ್ನ ಮುಖವನ್ನೇ ನೋಡಿದರು. "ನಾಳಿ ಮುಂಜಾನೆ ಲಗೂನ ಬಾ," ಎಂದರು.

ಹೀಗೆ ನಾನು ಅವರ ರೇಸಿನ ಸೈಕಲ್ ಹತ್ತಿದೆ. ಟಗರಿನ ಕೋಡಿನಂತೆ ಕೆಳಗೆ ಬಾಗಿದ ಹ್ಯಾಂಡಲ್, ಬೆರಳಿನಷ್ಟು ತೆಳ್ಳಗಿನ ಟೈರು. ಅವರದೇ ಹಳೆಯ ಸೈಕಲ್. ವರ್ಷ ತಿರುಗುವಷ್ಟರಲ್ಲಿ ನಾನು ಮುನವಳ್ಳಿಯವರೆಗೆ ಹೋಗಿ ಬರುವುದು ಅಂಗಡಿಗೆ ಹೋಗಿಬಂದಂತಾಯಿತು. ಅಕ್ಕೋರು ಶೇಂಗಾ, ಬೆಲ್ಲ ತಿನ್ನಿಸುತ್ತಿದ್ದರು. ನನಗೆ ಹಸಿವು ಹೆಚ್ಚಿತು, ನಿದ್ದೆ ಗಾಢವಾಯಿತು, ಕಾಲು ಬೆಳೆಯಿತು.

ಮೊದಲು ಅದು ಗೊತ್ತಾದದ್ದು ಬಟ್ಟೆಗೆ. ಶಾಲೆಯ ಚೂಡಿದಾರದ ಪ್ಯಾಂಟು ತೊಡೆಯ ಹತ್ತಿರ ಬಿಗಿಯಾಯಿತು, ಒಂದು ದಿನ ಪ್ರಾರ್ಥನೆಗೆ ಕೂತವಳು ಏಳುವಾಗ ಹೊಲಿಗೆ ಪರ್ರನೆ ಬಿಟ್ಟಿತು. ಹಿಂದಿನ ಸಾಲಿನವರು ನಕ್ಕರು. ಅವ್ವ ಹೊಲಿಗೆ ಬಿಚ್ಚಿ ತುಂಡು ಬಟ್ಟೆ ಸೇರಿಸಿ ಕೊಟ್ಟಳು. ಕೆಲವು ತಿಂಗಳಿಗೆ ಅದೂ ಸಾಲದಾಯಿತು. ರಾತ್ರಿ ಮಲಗುವ ಮುಂಚೆ ನಾನು ತೊಡೆಯನ್ನು ಎರಡೂ ಕೈಯಿಂದ ಸುತ್ತಿ ಹಿಡಿದು ನೋಡುತ್ತಿದ್ದೆ, ಬೆರಳುಗಳು ಕೂಡುವುದಿಲ್ಲವಲ್ಲ ಎಂದು. ಗೆಳತಿಯರ ಕಾಲು ನೋಡುತ್ತಿದ್ದೆ. ಬಸ್ಸಿನಲ್ಲಿ ಕೂತ ಹೆಂಗಸರ ಕಾಲು ನೋಡುತ್ತಿದ್ದೆ. ಜಗತ್ತಿನಲ್ಲಿ ನನ್ನದೊಂದನ್ನು ಬಿಟ್ಟು ಎಲ್ಲರ ಕಾಲೂ ಸರಿಯಾಗಿವೆ ಅನ್ನಿಸುತ್ತಿತ್ತು.

ಅತ್ತಿ, ಅಂದರೆ ಅಪ್ಪನ ತಂಗಿ, ಪಂಚಮಿಗೆ ತವರಿಗೆ ಬಂದಳು. ಆಕೆಯ ಮಗನಿಗೆ ನನ್ನನ್ನು ತಂದುಕೊಳ್ಳುವುದೆಂದು ಮೊದಲಿನಿಂದ ಮಾತಿತ್ತು. ಲಗ್ನ ವಯಸ್ಸಿಗೆ ಬಂದ ಮೇಲೆ. ಸದ್ಯ ಮಾತು ಗಟ್ಟಿ ಮಾಡಿಕೊಳ್ಳಬೇಕು ಎಂದು ಆ ಸಲ ಬಂದಿದ್ದಳು. ನಾನು ಹಿತ್ತಲಲ್ಲಿ ಲಂಗ ಎತ್ತಿ ಕಟ್ಟಿಕೊಂಡು ಅರಿವೆ ಒಗೆಯುತ್ತಿದ್ದೆ. ಆಕೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

"ಅಣ್ಣಾ, ಹುಡುಗಿ ಕಾಲ ಗಂಡಸೂರ ಕಾಲ ಆಗ್ಯಾವ. ಸೈಕಲ್ಲು ಗೀಕಲ್ಲು ಬಿಡಸು. ನಾಳೆ ನಮ್ಮ ಮಂದಿ ನೋಡಿದ್ರ ನಾ ಏನ್ ಹೇಳ್ಲಿ?"

ಅಪ್ಪ ಸಾಧು ಮನುಷ್ಯ. ಯಾರ ಮಾತನ್ನೂ ತೆಗೆದುಹಾಕುವವನಲ್ಲ, ತಂಗಿಯ ಮಾತನ್ನಂತೂ ಇಲ್ಲ. ಆದರೂ ಕೇಳದೆ ತೀರ್ಮಾನ ಮಾಡುವುದು ಬೇಡವೆಂದು ಮಾರನೆಯ ದಿನ ಶಾಲೆಗೆ ಬಂದ. ಅಕ್ಕೋರು ಮೈದಾನದಲ್ಲಿ ಸುಣ್ಣದ ಗೆರೆ ಎಳೆಸುತ್ತಿದ್ದರು. ನಾನು ಅಪ್ಪನ ಹಿಂದೆಯೇ ನಿಂತಿದ್ದೆ.

"ಅಕ್ಕೋರ, ಒಂದು ಮಾತು ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹಿಂಗ ಸೈಕಲ್ ಹೊಡದ್ರ ಕಾಲ ದಪ್ಪ ಆಗ್ತಾವೇನ್ರಿ?"

ಅಪ್ಪ ಇಲ್ಲ ಅನ್ನಿಸಿಕೊಳ್ಳಲೆಂದೇ ಬಂದಿದ್ದ. ಅಕ್ಕೋರ ಬಾಯಿಂದ ಇಲ್ಲ ಎಂಬ ಒಂದು ಮಾತು ಸಿಕ್ಕಿದ್ದರೆ ಅದನ್ನೇ ಒಯ್ದು ತಂಗಿಗೆ ಒಪ್ಪಿಸುತ್ತಿದ್ದ. ನನಗದು ಗೊತ್ತಿತ್ತು. ಅಕ್ಕೋರಿಗೂ ಗೊತ್ತಾಗಿರಬೇಕು.

"ಎಲ್ಲಾರ್ವೂ ಆಗೂದಿಲ್ರಿ," ಎಂದರು. "ನಿಮ್ಮ ಮಗಳ್ವು ಆಗ್ತಾವ. ಆಕಿ ಕಾಲಾಗ ಜೋರ್ ಐತಿ, ಏರು ಹತ್ತು ಕಾಲ ಅವು. ಇನ್ನೂ ಆಗ್ತಾವ."

ಅಪ್ಪ ಸುಣ್ಣದ ಗೆರೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. "ಹಂಗಾರ ಬ್ಯಾಡ್ರಿ," ಎಂದ.

"ನಿಮ್ಮ ಮಗಳು, ನಿಮ್ಮ ಮರ್ಜಿ," ಎಂದರು ಅಕ್ಕೋರು.

ಅವತ್ತು ನನಗೆ ಅಕ್ಕೋರ ಮೇಲೆ ಬಂದಷ್ಟು ಸಿಟ್ಟು ಅತ್ತಿಯ ಮೇಲೂ ಬರಲಿಲ್ಲ. ಅಪ್ಪ ಹೋದ ಮೇಲೆ ಕೇಳಿದೆ. "ಇಲ್ಲ ಅಂದಿದ್ರ ಏನ್ ಆಗತಿತ್ರಿ? ಒಂದ ಸುಳ್ಳು."

"ನಾ ಇಲ್ಲ ಅಂತಿದ್ದೆ. ಮುಂದಿನ ವರ್ಷ ನಿನ್ನ ಕಾಲ ಹೌದು ಅಂತಿದ್ವು. ಆಮ್ಯಾಲೆ ನಿಮ್ಮಪ್ಪ ಯಾರ ಮಾತ ನಂಬಬೇಕು?"

ಅಷ್ಟು ಹೇಳಿ ಸೈಕಲ್ಲನ್ನು ಒಳಗಿಟ್ಟು ಕೋಣೆಗೆ ಬೀಗ ಹಾಕಿದರು.

ಸೈಕಲ್ ಬಿಟ್ಟರೂ ಕಾಲು ಇಳಿಯಲಿಲ್ಲ. ಅತ್ತಿ ದೀಪಾವಳಿಗೆ ಮತ್ತೆ ಬರುವವಳಿದ್ದಳು. ನಾನು ಊಟ ಬಿಟ್ಟೆ. ಬೆಳಿಗ್ಗೆ ಅರ್ಧ ರೊಟ್ಟಿ, ರಾತ್ರಿ ಬರೀ ಮಜ್ಜಿಗೆ. ಅವ್ವ ಮೊದಮೊದಲು ಬೈದಳು, ಆಮೇಲೆ ಸುಮ್ಮನಾದಳು. ಒಂದು ಬೆಳಿಗ್ಗೆ ಅಪ್ಪನ ಹಳೆಯ ಧೋತರವನ್ನು ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಹರಿದು, ನನ್ನನ್ನು ಒಳಕೋಣೆಗೆ ಕರೆದು, ಎರಡೂ ತೊಡೆಗೆ ಬಿಗಿಯಾಗಿ ಸುತ್ತಿದಳು. ಬಾಣಂತಿಯರ ಹೊಟ್ಟೆಗೆ ಕಟ್ಟುವುದಿಲ್ಲವೇ, ಹಾಗೆ. "ಇಳೀತಾವ ಯವ್ವಾ, ಸ್ವಲ್ಪ ತಡಕೋ," ಎಂದಳು. ಅದರ ಮೇಲೆ ಪ್ಯಾಂಟು ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ನಡೆಯುವಾಗ ಕಾಲು ಜೋಮು ಹಿಡಿಯುತ್ತಿತ್ತು. ನೋವಾದಷ್ಟೂ ಇಳಿಯುತ್ತಿದೆ ಎಂದು ಅಂದುಕೊಳ್ಳುತ್ತಿದ್ದೆ.

ಒಂದು ದಿನ ಪ್ರಾರ್ಥನೆಯಲ್ಲಿ ನಿಂತಲ್ಲೇ ಬಿದ್ದೆ. ಎಚ್ಚರವಾದಾಗ ಕ್ರೀಡಾಸಾಮಾನಿನ ಕೋಣೆಯಲ್ಲಿ ಚಾಪೆಯ ಮೇಲಿದ್ದೆ. ಅಕ್ಕೋರು ಬೇರೆ ಹುಡುಗಿಯರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದ್ದರು. ನನ್ನ ಕಾಲುಗಳನ್ನು ಎತ್ತಿ ಚೀಲವೊಂದರ ಮೇಲೆ ಇಡಲು ಹೋಗಿ, ಬಟ್ಟೆಯೊಳಗೆ ಕೈಗೆ ಏನೋ ಗಟ್ಟಿಯಾಗಿ ತಾಗಿ ನಿಂತರು.

"ಏನದು?"

ನಾನು ಮುಖ ಗೋಡೆಗೆ ತಿರುಗಿಸಿದೆ. ಅವರೇ ನೋಡಿದರು. ಎಡಗಾಲಿನ ಪಟ್ಟಿಯ ಗಂಟು ಬಿಚ್ಚಿ ಸುತ್ತು ಸುತ್ತಾಗಿ ತೆಗೆದರು. ಪಟ್ಟಿಯ ಅಂಚು ಕೊರೆದು ಚರ್ಮ ಕೆಂಪಗೆ ಉಬ್ಬಿತ್ತು, ಒಂದೆರಡು ಕಡೆ ಒಡೆದು ನೀರು ಬರುತ್ತಿತ್ತು. ರಕ್ತ ಓಡಲು ಶುರುವಾದಾಗ ಆದ ಉರಿಗೆ ನಾನು ಅತ್ತುಬಿಟ್ಟೆ.

"ಯಾರು ಕಟ್ಟಿದ್ದು?"

"ಅವ್ವ."

ಅಕ್ಕೋರು ಬಲಗಾಲಿನ ಗಂಟನ್ನು ಮಾತ್ರ ಸಡಿಲ ಮಾಡಿದರು, ಬಿಚ್ಚಲಿಲ್ಲ. ನನಗೆ ಬೆಲ್ಲದ ನೀರು ಕುಡಿಸಿ, ಪಕ್ಕದಲ್ಲಿ ನೆಲಕ್ಕೇ ಕೂತರು. ಅವರು ತಮ್ಮ ವಿಷಯ ಹೇಳಿಕೊಂಡದ್ದನ್ನು ನಾನು ಕೇಳಿದ್ದು ಆ ಒಂದು ಸಲ.

"ರಾಮದುರ್ಗದಾಗ ನನ್ನ ನೋಡಾಕ ಬಂದಿದ್ರು. ನಡಿಯಾಕ ಹಚ್ಚಿದ್ರು. ಹುಡುಗನ ಅವ್ವ ನನ್ನ ಸೀರಿ ಅಂಚು ಜರಾ ಎತ್ತಿ ನೋಡಿ, ಇವು ಹಮಾಲರ ಕಾಲ ಅದಾವಲ್ಲ ಅಂದ್ಲು. ಎಲ್ಲಾರೂ ನಕ್ರು. ನಾನೂ ನಕ್ಕೆ, ಏನ್ ಮಾಡಬೇಕು ತಿಳೀಲಿಲ್ಲ. ಆಮ್ಯಾಲೆ ಎರಡು ವರ್ಷ ಸೈಕಲ್ ಮುಟ್ಟಲಿಲ್ಲ. ಆ ಎರಡು ವರ್ಷದ ಯಾವ ಫೋಟೋದಾಗೂ ನನ್ನ ಕಾಲ ಇಲ್ಲ. ಯಾರರ ಹಿಂದ ನಿಂತೇನಿ, ಇಲ್ಲಾ ಕುರ್ಚಿ ಹಿಂದ."

"ಆಮ್ಯಾಲೆ ಹೆಂಗ ಮತ್ತ ಹತ್ತಿದ್ರಿ?"

"ಹೆಂಗಿಲ್ಲ. ಒಂದು ಮುಂಜಾನೆ ಹತ್ತಿದೆ." ಬೆಲ್ಲದ ನೀರಿನ ಲೋಟ ಪಕ್ಕಕ್ಕಿಟ್ಟು, "ನೋಡು, ನಿನ್ನ ಕಾಲ ಚಂದ ಅದಾವ ಅಂತ ನಾ ಹೇಳೂದಿಲ್ಲ. ಚಂದ ಅದಾವೋ ಇಲ್ಲೋ ನನಗ ತಿಳಿಯೂದಿಲ್ಲ. ನಿನ್ನ ಕಾಲ ನೋಡಿ ಆಡ್ಕೊಳ್ಳೋವ್ರಿಗೆ ಕೆಲಸ ಇಲ್ಲ. ನಿನ್ನ ಕಾಲಿಗೆ ಐತಿ," ಎಂದರು.

ಆಮೇಲೆ ನನ್ನನ್ನು ತಮ್ಮ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ತೋಟಕ್ಕೆ ಬಂದರು. ಅವ್ವ ಅಂಗಳದಲ್ಲಿ ಗೋಂಜಾಳದ ಕಾಳು ಬಿಸಿಲಿಗೆ ಹರವುತ್ತಿದ್ದಳು. ಅಕ್ಕೋರು ಬಿಚ್ಚಿದ ಪಟ್ಟಿಯ ಸುರುಳಿಯನ್ನು ಅವಳ ಕೈಗೆ ಕೊಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಒಂದ ಕಾಲಿಂದು ನಾ ಬಿಚ್ಚೇನ್ರಿ," ಎಂದರು. "ಇನ್ನೊಂದು ನೀವ ಕಟ್ಟೀರಿ, ನೀವ ಬಿಚ್ರಿ."

ಅವ್ವ ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಅಕ್ಕೋರೂ ಬಂದು ಹೊಸ್ತಿಲ ಹತ್ತಿರ ನಿಂತರು. ಪಟ್ಟಿ ಬಿಚ್ಚುತ್ತ ಬಿಚ್ಚುತ್ತ ಅವ್ವನ ಕೈ ನಿಧಾನವಾಯಿತು. ಕೊನೆಯ ಸುತ್ತು ಗಾಯಕ್ಕೆ ಅಂಟಿಕೊಂಡಿತ್ತು. ಅವಳು ನೀರು ತಂದು ತೋಯಿಸಿ, ಉಸಿರು ಬಿಗಿಹಿಡಿದು ಬಿಡಿಸಿದಳು. ನೋಡಿದಳು. ಎದ್ದುಹೋಗಿ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಹಚ್ಚತೊಡಗಿದಳು. ಹಚ್ಚುತ್ತಲೇ, ಯಾರ ಕಡೆಗೂ ನೋಡದೆ ಹೇಳಿದಳು.

"ಛೊಲೊ ಆಗ್ಲಿ ಅಂತ ಕಟ್ಟಿದ್ನಿರಿ ಅಕ್ಕೋರ."

"ನನಗ ಗೊತ್ತೈತ್ರಿ," ಎಂದರು ಅಕ್ಕೋರು.

ಅಷ್ಟರಲ್ಲಿ ಹೊಲದಿಂದ ಅಪ್ಪ ಬಂದ. ಅಕ್ಕೋರ ಸೈಕಲ್ ನೋಡಿ ಗಾಬರಿಯಾಗಿ ಒಳಗೆ ಬಂದವನು ನನ್ನ ಕಾಲಿನ ಗಾಯ ನೋಡಿ ಬಾಗಿಲಲ್ಲೇ ನಿಂತ. ಅವ್ವ ನಡೆದದ್ದನ್ನು ಹೇಳಿದಳು. ತಾನು ಕಟ್ಟಿದ್ದನ್ನೂ ಮುಚ್ಚಿಡಲಿಲ್ಲ. ಅಪ್ಪ ಕೇಳಿದ್ದು ಒಂದೇ ಮಾತು.

"ತಂಗಿಗೆ ಏನ್ ಹೇಳ್ಲಿರಿ ಅಕ್ಕೋರ?"

"ಖರೇ ಹೇಳ್ರಿ. ಹುಡುಗಿ ಕಾಲ ದಪ್ಪ ಅದಾವ, ಇನ್ನೂ ದಪ್ಪ ಆಗ್ತಾವ, ಸೈಕಲ್ ಬಿಡೂದಿಲ್ಲ ಅಂತ ಹೇಳ್ರಿ. ಬ್ಯಾಡ ಅನ್ನೂದಿದ್ರ ಈಗ ಅನ್ಲಿ."

ಅತ್ತಿ ಬೇಡ ಅಂದಳು. ದೀಪಾವಳಿಗೆ ಬಂದು, ಊಟಕ್ಕೂ ಕೂರದೆ ಹೋದಳು. ಮುಂದಿನ ಪಂಚಮಿಗೆ ಬರಲಿಲ್ಲ. ಅಪ್ಪ ಹಬ್ಬದ ದಿನ ಬೆಳಿಗ್ಗೆಯಿಂದ ದಾರಿಯ ಕಡೆ ನೋಡುತ್ತ ಕಟ್ಟೆಯ ಮೇಲೆ ಕೂತಿದ್ದ. ನಮ್ಮ ಹಟಕ್ಕೆ ಬೆಲೆ ತೆತ್ತವರಲ್ಲಿ ಅವನೂ ಒಬ್ಬ. ಆದರೆ ನನಗೆ ಮತ್ತೆ ಸೈಕಲ್ ಬಿಡು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಅತ್ತಿಯ ಮಗನಿಗೆ ಕಿತ್ತೂರಿನ ಕಡೆಯ ಹೆಣ್ಣು ಬಂತು. ಕೆಲವು ವರ್ಷಗಳ ನಂತರ ಅತ್ತಿಯೂ ಬಂದುಹೋಗತೊಡಗಿದಳು. ಈಗ ಆಕೆಯ ಮೊಣಕಾಲು ನೋವಿಗೆ ನಾನೇ ವ್ಯಾಯಾಮ ಹೇಳಿಕೊಡುತ್ತೇನೆ.

ಗಾಯ ಮಾಯ್ದ ಮೇಲೆ ಅಕ್ಕೋರು ನನ್ನನ್ನು ಸೈಕಲ್ ಹತ್ತಿಸಿದರು. ಅದಕ್ಕೂ ಮೊದಲು ಅವರ ಮನೆಯಲ್ಲಿ ಕೂರಿಸಿ ಎದುರಿಗೇ ರೊಟ್ಟಿ ತಿನ್ನಿಸಿದರು. ತಿಂದು ಮುಗಿಸುವವರೆಗೆ ಅವರ ಯಜಮಾನರು ಪೇಪರಿನ ಹಿಂದೆ ಕೂತು ನೋಡದವರಂತೆ ಕಾವಲು ಕಾಯ್ದರು. ಸರಕಾರ ಊಟ, ತರಬೇತಿ ಕೊಡುವ ಕ್ರೀಡಾನಿಲಯಕ್ಕೆ ಆಯ್ಕೆಯಾಗಬೇಕಾದರೆ ಒಂದು ರೇಸಿನಲ್ಲಿ ಮೊದಲ ಮೂವರಲ್ಲಿ ಬರಬೇಕಿತ್ತು. ಆ ವರ್ಷ ನಾನು ನಾಲ್ಕನೆಯವಳಾದೆ. ಅಳುತ್ತ ಬಂದರೆ ಅಕ್ಕೋರು ನನ್ನ ಬೆನ್ನಿಗೆ ಕೈಯಿಟ್ಟು, "ನಾಳೆ ಬಾ," ಎಂದರು.

ಮರುವರ್ಷ ಆಯ್ಕೆಯ ರೇಸು ಮುನವಳ್ಳಿಯಿಂದ ನವಿಲುತೀರ್ಥದ ಕಡೆಗೆ. ಕೊನೆಯಲ್ಲಿ ಅಣೆಕಟ್ಟಿನ ಹತ್ತಿರ ಒಂದು ಏರಿದೆ, ಎದೆ ಒಡೆಯುವಂಥದ್ದು. ಉಳಿದ ಶಾಲೆಗಳ ಮಾಸ್ತರರೆಲ್ಲ ಮುಕ್ತಾಯದ ಗೆರೆ ಎಳೆದ ಜಾಗದಲ್ಲಿ, ನೆರಳಿನಲ್ಲಿ ನಿಂತಿದ್ದರು. ಅಕ್ಕೋರು ಏರಿನ ನಡುವೆ ಬಿಸಿಲಿನಲ್ಲಿ ನಿಂತಿದ್ದರು. ಅವರ ಪಕ್ಕದಲ್ಲಿ ಅವ್ವ ಇದ್ದಳು. ಬೆಳಗಿನ ಬಸ್ಸಿಗೆ ಒಬ್ಬಳೇ ಬಂದಿದ್ದಳಂತೆ; ನನಗೆ ಹೇಳಿರಲಿಲ್ಲ. ನಾನು ರೇಸಿನ ಬಿಗಿ ಚಡ್ಡಿ ಹಾಕಿದ್ದನ್ನು ಅವಳು ಅದುವರೆಗೆ ನೋಡಿರಲೇ ಇಲ್ಲ.

ಏರಿನ ಬುಡಕ್ಕೆ ಬಂದಾಗ ನನ್ನ ಮುಂದೆ ಇನ್ನೂ ನಾಲ್ವರಿದ್ದರು. ಸೀಟು ಬಿಟ್ಟು ಎದ್ದೆ. ತೊಡೆಗಳಿಗೆ ಬೆಂಕಿ ಹತ್ತಿದಂತಾಗಿತ್ತು. ಒಬ್ಬಳು ಹಿಂದೆ ಬಿದ್ದಳು, ಮತ್ತೊಬ್ಬಳು ಇಳಿದೇಬಿಟ್ಟಳು. ಅಕ್ಕೋರನ್ನು ದಾಟುವಾಗ ಅವರು ನನ್ನ ಮುಖವನ್ನೂ ನೋಡಲಿಲ್ಲ. "ಗೇರ್ ಇಳಸು," ಎಂದರು. ಇಳಿಸಿದೆ. ಮೇಲೆ ತಲುಪುವ ಮುಂಚೆ ಇನ್ನೂ ಒಬ್ಬಳನ್ನು ಹಿಂದೆ ಹಾಕಿ ಎರಡನೆಯವಳಾಗಿ ಗೆರೆ ದಾಟಿದೆ.

ನಾನು ದಾಟಿಹೋದ ಮೇಲೆ ಆ ಏರಿನಲ್ಲಿ ನಡೆದದ್ದನ್ನು ಅಕ್ಕೋರು ನನಗೆ ಆಮೇಲೆ ಹೇಳಿದರು. ನಮ್ಮೂರ ಕಡೆಯವನೊಬ್ಬ ಮೋಟಾರ್ ಸೈಕಲನ್ನು ಅರ್ಧ ರಸ್ತೆಗೆ ನಿಲ್ಲಿಸಿಕೊಂಡು ರೇಸು ನೋಡುತ್ತಿದ್ದನಂತೆ. ಅವ್ವನ ಗುರುತು ಹಿಡಿದು, ನಗುತ್ತ, "ಏನಬೇ ಅಕ್ಕಾ, ಮಗಳನ್ನ ಹಿಂಗ ಚಡ್ಡಿ ಮ್ಯಾಲ ಊರೆಲ್ಲಾ ತಿರಗಾಕ ಬಿಟ್ಟೀಯಲ್ಲ," ಎಂದನಂತೆ. ಅಕ್ಕೋರು ಉತ್ತರ ಕೊಡಲು ಬಾಯಿ ತೆರೆದರು. ಅವ್ವ ಅವರಿಗಿಂತ ಮೊದಲು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆಗೆ ಇಳಿದಿದ್ದಳು.

"ಹೂಂ, ಬಿಟ್ಟೇನಿ," ಎಂದಳಂತೆ. "ಗಾಡಿ ಸರಸು. ಹಿಂದ ಇನ್ನೂ ಹುಡುಗ್ಯಾರು ಬರಾಕತ್ತಾರ."